ಊರಿಗೆಲ್ಲ ಒಂದೇ ಹಂಡೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಕೋಪನ್‌ಹೇಗನ್ನಿನ ಕಸ ಸುಡುವ ಕಾರ್ಖಾನೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಸ ಸುಟ್ಟು ಕರೆಂಟ್ ತೆಗೆಯುತ್ತಾರೆ, ಉಳಿದ ಬಿಸಿಯನ್ನು ನೀರಿಗೆ ಕೊಟ್ಟು, ಚಳಿಯಲ್ಲಿ ಮನೆ ಬೆಚ್ಚಗಿಡೋಕೆ ಪೈಪಿನಲ್ಲಿ ಮನೆಮನೆಗೆ ಕಳಿಸುತ್ತಾರೆ, ಕಾರ್ಖಾನೆಯ ಛಾವಣಿ ಮೇಲೆ ಜನ ಸ್ಕೀ ಆಡುತ್ತಾರೆ ಅಂತ. ಸ್ಕೀ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪ್ರಶ್ನೆಗಳೆಲ್ಲ ಒಂದೇ ಥರ: ಇಷ್ಟು ಪೈಪು ಹೂಳೋಕೆ ದುಡ್ಡು ಯಾರು ಕೊಟ್ಟರು? ಸರಿಯಾದ ಪ್ರಶ್ನೆಯೇ. ನಾನು ಡೆನ್ಮಾರ್ಕಿನಲ್ಲಿ ಕೆಲವು ವರ್ಷ ಇದೇ ಕೆಲಸದ ಪಕ್ಕದಲ್ಲೇ ಇದ್ದವನು. ಗೊತ್ತಿರುವಷ್ಟು ಹೇಳುತ್ತೇನೆ.

ಪ್ರಶ್ನೆ: ನಾನು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಕಡೆ ಕೆಲಸ ಮಾಡುವವನು. ನೀವು ಬರೆದದ್ದು ನಮ್ಮ ಕೋಜನ್ ಪ್ಲಾಂಟೇ ಅಲ್ಲೇನ್ರೀ? ಅದನ್ನು ನೋಡೋಕೆ ಡೆನ್ಮಾರ್ಕಿನ ತನಕ ಯಾಕೆ ಹೋಗಬೇಕು? (ಓದುಗರು, ಮುಧೋಳ)

ಅದೇ ರೀ, ಅನುಮಾನವೇ ಬೇಡ. ಒಂದೇ ಉರಿಯಲ್ಲಿ ಕರೆಂಟೂ ಬಿಸಿಯೂ. ನಮ್ಮಜ್ಜಿಯ ಮನೆಯಲ್ಲಿ ಮಣ್ಣಿನ ಒಲೆಗೆ ಪಕ್ಕದಲ್ಲೇ ಇನ್ನೊಂದು ಬಾಯಿ ಇತ್ತು, ಕೋಡೊಲೆ ಅನ್ನುತ್ತಿದ್ದರು. ಮುಂದಿನ ಒಲೆಯಲ್ಲಿ ಅನ್ನ ಬೇಯುವಾಗ ಹಿಂದಕ್ಕೆ ಹರಿಯುವ ಉರಿಯಲ್ಲಿ ಸಾರು ಬಿಸಿಯಾಗುತ್ತಿತ್ತು. ಸೌದೆ ಅಷ್ಟೇ, ಕೆಲಸ ಎರಡು.

ಬರೀ ಕರೆಂಟಿಗೆ ಅಂತ ಕಟ್ಟಿದ ಕಲ್ಲಿದ್ದಲಿನ ಸ್ಥಾವರದಲ್ಲಿ ನೂರು ರೂಪಾಯಿಯ ಕಲ್ಲಿದ್ದಲು ಸುಟ್ಟರೆ ಮೂವತ್ತೈದರಿಂದ ನಲವತ್ತು ರೂಪಾಯಿಯಷ್ಟು ಕರೆಂಟಾಗುತ್ತದೆ. ಉಳಿದದ್ದರಲ್ಲಿ ಬಹುಪಾಲು ದಪ್ಪ ಸೊಂಟದ ಕೂಲಿಂಗ್ ಟವರುಗಳಿಂದ ಬಿಳಿ ಹಬೆಯಾಗಿ ಆಕಾಶಕ್ಕೆ. ಆ ಬಿಸಿಯನ್ನೂ ಹಿಡಿದು ಬಳಸಿದರೆ ನೂರರಲ್ಲಿ 85-90 ಕೆಲಸಕ್ಕೆ ಬರುತ್ತದೆ. ಕರೆಂಟು ಸ್ವಲ್ಪ ಕಮ್ಮಿಯಾಗುತ್ತದೆ ನಿಜ. ಆದರೂ ಒಟ್ಟು ಲೆಕ್ಕದಲ್ಲಿ ಲಾಭ.

ಆದರೆ ನಿಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಒಂದು ಟನ್ ಕಬ್ಬು ನುರಿಸಿದರೆ ಹತ್ತಿರ ಹತ್ತಿರ 300 ಕೆಜಿ ಬಗ್ಯಾಸ್ (ರಸ ಹಿಂಡಿದ ಸಿಪ್ಪೆ) ಸಿಗುತ್ತದೆ, ಅಂದರೆ ಉರುವಲು ಮನೆಯದೇ. ಟರ್ಬೈನಿನಿಂದ ಹೊರಬಿದ್ದ ಹಬೆ ಕಬ್ಬಿನ ರಸ ಕಾಯಿಸೋಕೆ ಬೇಕೇ ಬೇಕು, ಅಂದರೆ ಗಿರಾಕಿಯೂ ಮನೆಯವನೇ, ಕಾಂಪೌಂಡಿನ ಒಳಗೇ ಇದ್ದಾನೆ. ಹಂಗಾಮು ನಡೆಯುವ ತನಕ ಅವನು ಎಲ್ಲಿಗೂ ಓಡಿಹೋಗುವುದಿಲ್ಲ. ಹಂಗಾಮು ಮುಗಿದ ಮೇಲೆ ಉಳಿಸಿಟ್ಟ ಬಗ್ಯಾಸ್ ಸುಟ್ಟು ಬರೀ ಕರೆಂಟ್ ತೆಗೆಯುತ್ತೀರಲ್ಲ, ಆಗ ನಿಮ್ಮ ಪ್ಲಾಂಟಿನ ಲೆಕ್ಕ ಎಷ್ಟು ಕೆಳಗೆ ಇಳಿಯುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬಿಸಿ ಕೊಳ್ಳುವವನು ಎದ್ದು ಹೋದ, ಅಷ್ಟೇ ಕಾರಣ.

ಕೋಪನ್‌ಹೇಗನ್ನಿನಲ್ಲಿ ಆ ಗಿರಾಕಿ ಒಬ್ಬನಲ್ಲ, ಲಕ್ಷಾಂತರ ಮನೆ. ಒಂದೊಂದು ಮನೆಗೂ ರಸ್ತೆ ಅಗೆದು ಪೈಪು ಎಳೆಯಬೇಕು, ಒಂದಲ್ಲ ಎರಡು ಪೈಪು, ಬಿಸಿನೀರು ಹೋಗೋಕೆ ಒಂದು, ತಣಿದದ್ದು ವಾಪಸ್ ಬರೋಕೆ ಒಂದು. ಬಾಯ್ಲರು, ಟರ್ಬೈನು ಕಷ್ಟವೇ ಅಲ್ಲ, ನೂರು ವರ್ಷದ ಹಳೆಯ ವಿದ್ಯೆ. ಡೆನ್ಮಾರ್ಕಿನಲ್ಲಿ ಇದು ಶುರುವಾದದ್ದೇ 1903ರಲ್ಲಿ, ಕೋಪನ್‌ಹೇಗನ್ನಿಗೆ ಅಂಟಿಕೊಂಡ ಫ್ರೆಡರಿಕ್ಸ್‌ಬೆರ್ಗಿನಲ್ಲಿ. ಕಸ ಹಾಕೋಕೆ ಜಾಗ ಇರಲಿಲ್ಲ, ಸುಡೋಣ ಅಂದರು, ಬಿಸಿಯನ್ನು ಹತ್ತಿರದ ಆಸ್ಪತ್ರೆಗೆ ಮತ್ತು ಅನಾಥಾಲಯಕ್ಕೆ ಕೊಟ್ಟರು. ಗಮನಿಸಿ, ಅವರೂ ಮೊದಲು ಹಿಡಿದದ್ದು ಓಡಿಹೋಗದ ಗಿರಾಕಿಯನ್ನೇ.

ಪ್ರಶ್ನೆ: ಸರ್, ನಾವು ಡೆನ್ಮಾರ್ಕಿನಲ್ಲಿ ಒಂದು ಸಣ್ಣ ಊರಿನ ಅಂಚಿನಲ್ಲಿ ಮನೆ ತೆಗೆದುಕೊಂಡಿದ್ದೇವೆ. ಗ್ಯಾಸ್ ಬಾಯ್ಲರ್ ಇದೆ. ಈಗ ಬಿಸಿನೀರಿನ ಕಂಪನಿಯಿಂದ ಕಾಗದ ಬಂದಿದೆ. ನಿಮ್ಮ ಬೀದಿಗೆ ಪೈಪು ಹಾಕುತ್ತೇವೆ, ಆದರೆ ನೂರಕ್ಕೆ 60 ಮನೆ ಸಹಿ ಹಾಕಿದರೆ ಮಾತ್ರ ಅಂತ. ಪಕ್ಕದ ಎರಡು ಮನೆಯವರು ಆಗಲೇ ಸ್ವಂತ ಹೀಟ್ ಪಂಪ್ (ಹೊರಗಿನ ಬಿಸಿಯನ್ನು ಕರೆಂಟಿನಿಂದ ಹಿಂಡಿ ಮನೆಯೊಳಗೆ ತರುವ ಯಂತ್ರ) ಹಾಕಿಸಿಕೊಂಡರು. ನನ್ನ ಹೆಂಡತಿ ಸಹಿ ಹಾಕಿ ಅನ್ನುತ್ತಾಳೆ, ನನಗೆ ಅನುಮಾನ. ಈ 60 ಯಾಕೆ? (ಸಾಫ್ಟ್‌ವೇರ್ ಉದ್ಯೋಗಿ, ಯುಟ್‌ಲ್ಯಾಂಡ್)

ಈ 60 ಯಾಕೆ ಅನ್ನುವುದು ಅರ್ಥವಾದರೆ ಈ ವ್ಯವಹಾರವೆಲ್ಲ ಅರ್ಥವಾದ ಹಾಗೆ. ಪೇಪರ್ ಪೆನ್ನು ತೆಗೆದುಕೊಳ್ಳಿ. ಮುಂದಿನ ಅಂಕಿಗಳು ನಿಮ್ಮ ಕಂಪನಿಯದ್ದಲ್ಲ, ಲೆಕ್ಕಕ್ಕೆ ನಾನೇ ಇಟ್ಟುಕೊಂಡದ್ದು.

ನಿಮ್ಮ ಬಡಾವಣೆಯಲ್ಲಿ 200 ಮನೆ ಅಂತಿಟ್ಟುಕೊಳ್ಳಿ. ಬೀದಿಯ ಕೆಳಗಿನ ದೊಡ್ಡ ಪೈಪಿಗೆ 2 ಕೋಟಿ ಕ್ರೋನ (ಡೆನ್ಮಾರ್ಕಿನ ದುಡ್ಡು). ಬೀದಿಯಿಂದ ಒಂದೊಂದು ಮನೆಯ ಗೋಡೆಯವರೆಗೆ 50 ಸಾವಿರ, 200 ಮನೆಗೆ 1 ಕೋಟಿ. ಒಟ್ಟು 3 ಕೋಟಿ. ಸಾಲ 30 ವರ್ಷಕ್ಕೆ, ಬಡ್ಡಿ 3 ಪರ್ಸೆಂಟ್. ಎಲ್ಲ 200 ಮನೆಯೂ ಸೇರಿದರೆ ವರ್ಷದ ಕಂತು ಒಂದು ಮನೆಗೆ ಸುಮಾರು 7,650 ಕ್ರೋನ ಬೀಳುತ್ತದೆ. ಚೆನ್ನಾಗಿದೆ.

ಈಗ 120 ಮನೆ ಮಾತ್ರ ಸೇರಿದವು, ಅಂದರೆ ನೂರಕ್ಕೆ 60. ಬೀದಿಯ ಪೈಪಿನ 2 ಕೋಟಿ ಒಂದು ಪೈಸೆಯೂ ಇಳಿಯುವುದಿಲ್ಲ, ಯಾಕೆಂದರೆ ಬೀದಿಯ ಉದ್ದ ಅಷ್ಟೇ ಇದೆ. ಮನೆಗೆ ಹೋಗುವ ತುಂಡುಗಳಷ್ಟೇ ಉಳಿತಾಯ. ಒಟ್ಟು 2 ಕೋಟಿ 60 ಲಕ್ಷ. ಕಂತು ಮನೆಗೆ 11,050. ಬರೀ 80 ಮನೆ ಸೇರಿದರೆ? 15,300. ನೀವೇನೂ ತಪ್ಪು ಮಾಡಿಲ್ಲ, ಪಕ್ಕದವರು ಸೇರಲಿಲ್ಲ ಅಂತ ನಿಮ್ಮ ಕಂತು ದುಪ್ಪಟ್ಟಾಯಿತು. ನಮ್ಮ ಕಡೆ ಮದುವೆಗೆ ಬಸ್ ಮಾಡಿದ ಹಾಗೆ. ಐವತ್ತು ಜನ ಬರ್ತೀವಿ ಅಂದವರು ಬೆಳಿಗ್ಗೆ ಇಪ್ಪತ್ತೇ ಜನ ಬಂದರೆ ಬಸ್ಸಿನವನು ಬಾಡಿಗೆ ಕಮ್ಮಿ ಮಾಡುತ್ತಾನಾ?

ಇನ್ನೊಂದು ಆಟ ನೋಡಿ. ಅದೇ 120 ಮನೆ, ಬಡ್ಡಿ ಮಾತ್ರ 3ರಿಂದ 5 ಆಯಿತು. ಕಂತು 14,100. ಬಡ್ಡಿ 3 ಇಟ್ಟು ಸಾಲದ ಅವಧಿಯನ್ನು 30ರಿಂದ 20 ವರ್ಷಕ್ಕೆ ಇಳಿಸಿದರೆ 14,500ರ ಮೇಲೆ. ಅಂದರೆ ಬಡ್ಡಿ ಎರಡು ಪರ್ಸೆಂಟ್ ಏರುವುದೂ, ಬ್ಯಾಂಕು ಹತ್ತು ವರ್ಷ ಕಮ್ಮಿ ಕೊಡುವುದೂ, ನಲವತ್ತು ಮನೆ ಕೈಕೊಡುವುದೂ ಹೆಚ್ಚುಕಮ್ಮಿ ಒಂದೇ ಏಟು. ಇದರಲ್ಲಿ ಉರುವಲಿನ ಮಾತೇ ಬಂದಿಲ್ಲ, ಕಸ ಸುಡಲಿ, ಹುಲ್ಲು ಸುಡಲಿ, ಸಮುದ್ರದ ನೀರಿನಿಂದ ಬಿಸಿ ಹಿಂಡಲಿ, ಈ ಕಂತು ಹಾಗೇ ಇರುತ್ತದೆ. ಜನ ಬಿಸಿನೀರು ಮಾರುತ್ತೇವೆ ಅಂದುಕೊಳ್ಳುತ್ತಾರೆ, ಅಸಲಿಗೆ ಮಾರುವುದು ನೆಲದೊಳಗಿನ ಸಾಲವನ್ನು.

ಇದು ನಿಮ್ಮ ಊರಿನ ಕಥೆ ಮಾತ್ರ ಅಲ್ಲ. 2022ರಲ್ಲಿ ರಷ್ಯಾದ ಗ್ಯಾಸ್ ಗಲಾಟೆ ಆದಾಗ ಡೆನ್ಮಾರ್ಕ್ ಸರ್ಕಾರ ಗ್ಯಾಸ್ ಬಾಯ್ಲರ್ ಇರುವ ಮನೆಗಳಿಗೆಲ್ಲ ನಿಮಗೆ ಪೈಪು ಬರುತ್ತದೋ ಇಲ್ಲವೋ ಅಂತ ತಿಳಿಸಿ ಎಂದು ಸ್ಥಳೀಯ ಆಡಳಿತಗಳಿಗೆ ಹೇಳಿತು. 2028ರ ಹೊತ್ತಿಗೆ ಪೈಪು ಹಾಕಿ ಮುಗಿಸುವ ಗುರಿ. ಆಸೆ ದೊಡ್ಡದಿತ್ತು. ಅಷ್ಟರಲ್ಲಿ ಬಡ್ಡಿ ಏರಿತು, ಪೈಪಿನ ರೇಟು ಏರಿತು, ಅಗೆಯುವವರೇ ಸಿಗದ ಹಾಗಾಯಿತು, ಕಾದು ಕಾದು ಸಾಕಾದ ಜನ ಹೀಟ್ ಪಂಪ್ ಹಾಕಿಸಿಕೊಂಡರು. ಎಷ್ಟೋ ಕಡೆ ಯೋಜನೆ ಕೈಬಿಟ್ಟರು. ನಿಮ್ಮ ಪಕ್ಕದ ಎರಡು ಮನೆಯವರು ಅದೇ ಸಾಲಿನವರು. ಅವರನ್ನು ಬಯ್ಯಬೇಡಿ.

ಹಾಗಾದರೆ ಸಹಿ ಹಾಕಬೇಕೋ ಬೇಡವೋ? ನಾನು ನಿಮ್ಮ ಜಾಗದಲ್ಲಿದ್ದರೆ ಕಂಪನಿಗೆ ಮೂರು ವಿಷಯ ಬರವಣಿಗೆಯಲ್ಲಿ ಕೇಳುತ್ತಿದ್ದೆ. ನೂರಕ್ಕೆ 60 ಮನೆ ಸಹಿ ಹಾಕಿ ಆಮೇಲೆ ಕೆಲವರು ಹಿಂದೆ ಸರಿದರೆ ಆ ಭಾರ ಯಾರ ಮೇಲೆ, ಬರೀ ಈ ಬಡಾವಣೆಯವರ ಮೇಲೋ ಅಥವಾ ಊರಿನ ಹಳೆಯ ಗ್ರಾಹಕರೆಲ್ಲರ ಮೇಲೋ? ಬಿಲ್ಲಿನಲ್ಲಿ ಬಳಸಲಿ ಬಿಡಲಿ ಕಟ್ಟಲೇಬೇಕಾದ ಭಾಗ ಎಷ್ಟು? ಮುಂದೆ ನಾನು ಬಿಟ್ಟು ಹೋಗಬೇಕೆಂದರೆ ಎಷ್ಟು ಕಟ್ಟಬೇಕು? ಮೂರನೆಯದು ಯಾರೂ ಕೇಳುವುದಿಲ್ಲ, ಆಮೇಲೆ ಎಲ್ಲರೂ ಅಳುವುದು ಅದಕ್ಕೇ.

ಉತ್ತರ ಸರಿ ಬಂದರೆ ಸಹಿ ಹಾಕಿ. ಡೆನ್ಮಾರ್ಕಿನವರು ಲೆಕ್ಕಕ್ಕೆ ಹಿಡಿಯುವ ಮಾದರಿ ಮನೆ 130 ಚದರ ಮೀಟರಿನದು, ವರ್ಷಕ್ಕೆ 18,100 ಯೂನಿಟ್ ಬಿಸಿ. ನಿಮ್ಮದು ಅದಕ್ಕಿಂತ ಹಳೆಯ, ಗಾಳಿ ನುಗ್ಗುವ ಮನೆಯಾದರೆ ಪೈಪಿನ ಪರವಾಗಿ ವಾಲಿರಿ. ಹೊಸದು, ಚೆನ್ನಾಗಿ ಬೆಚ್ಚಗೆ ಕಟ್ಟಿದ್ದು, ಮನೆಮನೆಗೂ ಮಧ್ಯೆ ದೊಡ್ಡ ಕೈತೋಟ ಇದ್ದರೆ ಹೀಟ್ ಪಂಪಿನ ಲೆಕ್ಕವನ್ನೂ ಒಂದು ಸಲ ಹಾಕಿ ನೋಡಿ. ಹೆಂಡತಿಯವರಿಗೂ ಇದನ್ನೇ ಓದಿ ಹೇಳಿ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಮ್ಯಾನೇಜರ್. 30 ವರ್ಷದ ಸಾಲ, ಅಡಮಾನಕ್ಕೆ ನೆಲದೊಳಗಿನ ಪೈಪು! ಸಾಲ ತೀರಿಸದಿದ್ದರೆ ಅಗೆದು ಮಾರೋಕಾಗುತ್ತಾ? ಯಾವ ಬ್ಯಾಂಕು ಕೊಡುತ್ತದೆ ಇಂಥ ಸಾಲ? (ಓದುಗರು, ಬೆಂಗಳೂರು)

ಸರ್, ನಿಮ್ಮ ಪ್ರಶ್ನೆ ಓದಿ ನಕ್ಕೆ. ಯಾಕೆಂದರೆ ಒಳ್ಳೆಯ ಬ್ಯಾಂಕರ್ ಮಾತ್ರ ಹೀಗೆ ಕೇಳಬಲ್ಲ. ಸಾಮಾನ್ಯ ಬ್ಯಾಂಕು ಅಷ್ಟು ಸುಲಭಕ್ಕೆ ಕೊಡುವುದಿಲ್ಲ, ಕೊಟ್ಟರೂ ಬಡ್ಡಿ ಜಾಸ್ತಿ, ಅವಧಿ ಕಮ್ಮಿ. ಡೆನ್ಮಾರ್ಕಿನಲ್ಲಿ ಈ ಸಾಲ ಕೊಡುವ ಸಂಸ್ಥೆಯ ಹೆಸರು ಕೊಮ್ಯುನೆಕ್ರೆಡಿಟ್. 1898ರದ್ದು. ದೇಶದ ಎಲ್ಲ ಸ್ಥಳೀಯ ಆಡಳಿತಗಳೂ ಅದರ ಸದಸ್ಯರು, ಅದರ ಸಾಲಕ್ಕೆಲ್ಲ ಎಲ್ಲರೂ ಒಟ್ಟಿಗೆ ಹೊಣೆ. ಒಬ್ಬರು ಬಿದ್ದರೆ ಉಳಿದವರು ಕಟ್ಟಬೇಕು. ಹೀಗಾಗಿ ಮಾರುಕಟ್ಟೆಯಲ್ಲಿ ಅದಕ್ಕೆ ಸರ್ಕಾರಕ್ಕೆ ಸಿಗುವಷ್ಟೇ ಮರ್ಯಾದೆ, ಹತ್ತಿರ ಹತ್ತಿರ ಅಷ್ಟೇ ಕಮ್ಮಿ ಬಡ್ಡಿ.

ಬಿಸಿನೀರಿನ ಕಂಪನಿಗೆ ಸಾಲ ಬೇಕೆಂದರೆ ಊರಿನ ಆಡಳಿತ ಜಾಮೀನು ನಿಲ್ಲಬೇಕು. ಪುಕ್ಕಟೆ ಅಲ್ಲ, ಜಾಮೀನಿಗೂ ಕಮಿಷನ್ ವಸೂಲಿ ಮಾಡಬೇಕು ಅನ್ನುವುದು ಯುರೋಪಿಯನ್ ಒಕ್ಕೂಟದ ಕಟ್ಟಳೆ. ಈ ಜಾಮೀನು ಸಿಗಬೇಕಾದರೆ ಯೋಜನೆ ಪಾಸಾಗಬೇಕು. ಯೋಜನೆ ಪಾಸಾಗಬೇಕಾದರೆ ಬೇರೆ ದಾರಿಗಳ ಜೊತೆ ಹೋಲಿಸಿ ಊರಿಗೆ, ಗ್ರಾಹಕನಿಗೆ, ಸಮಾಜಕ್ಕೆ ಯಾವುದು ಅಗ್ಗ ಅಂತ ಲೆಕ್ಕ ತೋರಿಸಬೇಕು. ಅಂದರೆ ಅಡಮಾನ ಪೈಪಲ್ಲ ಸರ್. ಅಡಮಾನ ಇರುವುದು ಊರಿನ ತೆರಿಗೆ.

ಇದರ ಬೇರು 1970ರ ದಶಕದಲ್ಲಿದೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದಾಗ ಡೆನ್ಮಾರ್ಕಿನ ಶಕ್ತಿಯಲ್ಲಿ ನೂರಕ್ಕೆ 90ರಷ್ಟು ಆಮದು ಎಣ್ಣೆಯಿಂದಲೇ ಬರುತ್ತಿತ್ತು. ಭಾನುವಾರ ಕಾರು ಓಡಿಸುವ ಹಾಗಿರಲಿಲ್ಲ. 1979ರಲ್ಲಿ ಬಿಸಿ ಪೂರೈಕೆಗೇ ಒಂದು ಕಾನೂನು ಮಾಡಿದರು. ಊರೂರಿಗೂ ನಕಾಶೆ ಹಾಕಿ, ಈ ಬೀದಿ ಬಿಸಿನೀರಿನದು, ಆ ಬೀದಿ ಗ್ಯಾಸಿನದು ಅಂತ ಹಂಚಿದರು. ಒಂದೇ ಬೀದಿಗೆ ಎರಡು ಪೈಪು ಹೂತು ಎರಡೂ ಮುಳುಗುವುದು ಬೇಡ ಅಂತ. ಇಂಥ ಬೀದಿಯವರು ಸೇರಲೇಬೇಕು ಎಂದು ಕಡ್ಡಾಯ ಮಾಡುವ ಅಧಿಕಾರವೂ ಊರಿನ ಆಡಳಿತಕ್ಕೆ ಬಂತು. ನೋಡಿ, ಮೇಲಿನ ಲೆಕ್ಕದಲ್ಲಿ 200ರಲ್ಲಿ ಎಷ್ಟು ಮನೆ ಸೇರುತ್ತವೆ ಅನ್ನುವ ಭಯವೇ ಇಲ್ಲದ ಹಾಗೆ ಮಾಡಿದರು. ಬ್ಯಾಂಕರಿಗೆ ಇದಕ್ಕಿಂತ ಸಿಹಿ ಸುದ್ದಿ ಇದೆಯಾ? ಇವತ್ತು ದೇಶದ ಮೂರರಲ್ಲಿ ಎರಡರಷ್ಟು ಮನೆಗಳು ಈ ಪೈಪಿನ ಮೇಲಿವೆ, ಕೋಪನ್‌ಹೇಗನ್ನಿನಲ್ಲಂತೂ ಹತ್ತಿರ ಹತ್ತಿರ ಎಲ್ಲವೂ. 2019ರ ಜನವರಿಯಿಂದ ಹೊಸದಾಗಿ ಕಡ್ಡಾಯ ಮಾಡುವಂತಿಲ್ಲ. ಅದಕ್ಕೇ ಮೇಲಿನ ಓದುಗರಿಗೆ ನೂರಕ್ಕೆ 60 ಮನೆಯ ಸಹಿ ಕೇಳಿ ಕಾಗದ ಬಂದದ್ದು. ಸರ್ಕಾರ ಕೊಡುತ್ತಿದ್ದ ಭರವಸೆಯನ್ನು ಈಗ ಬಾಗಿಲು ಬಡಿದು ಒಟ್ಟುಮಾಡಬೇಕು.

ಇನ್ನೊಂದು ಕಟ್ಟಳೆ, ಲಾಭ ಮಾಡುವಂತಿಲ್ಲ. ನಿಜವಾಗಿ ತಗುಲಿದ ಖರ್ಚನ್ನು ಮಾತ್ರ ಗ್ರಾಹಕರಿಂದ ತೆಗೆದುಕೊಳ್ಳಬೇಕು, ಈ ವರ್ಷ ಹೆಚ್ಚಿಗೆ ವಸೂಲಾದರೆ ಮುಂದಿನ ವರ್ಷದ ದರದಲ್ಲಿ ಇಳಿಸಬೇಕು. ಎಷ್ಟೋ ಕಂಪನಿಗಳು ಗ್ರಾಹಕರ ಸಹಕಾರ ಸಂಘಗಳೇ. ಅಂಥ ಒಂದರ ವಾರ್ಷಿಕ ಸಭೆಗೆ ಸ್ನೇಹಿತನ ಜೊತೆ ಹೋಗಿದ್ದೆ. ಹಳ್ಳಿಯ ಕ್ರೀಡಾಭವನ, ಕಬ್ಬಿಣದ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಒಂದೊಂದು ತುಂಡು ಕೇಕು. ಎಂಬತ್ತು ದಾಟಿದ ಒಬ್ಬ ಮುದುಕಪ್ಪ ಎದ್ದು ನಿಂತು ಸವಕಳಿಯ ಲೆಕ್ಕವನ್ನು ಯಾಕೆ ಇಷ್ಟು ಬೇಗ ಹಾಕುತ್ತೀರಿ, ನಾವು ಸತ್ತ ಮೇಲೆ ಬಿಸಿ ಅನುಭವಿಸುವವರು ಕಟ್ಟಲಿ ಅಂತ ಹತ್ತು ನಿಮಿಷ ವಾದ ಮಾಡಿದ. ನಮ್ಮೂರಿನ ಹಾಲಿನ ಸಂಘದ ಸಭೆಯೇ ನೆನಪಾಯಿತು, ಫ್ಯಾಟಿನ ಬದಲು ಇಲ್ಲಿ ಡಿಗ್ರಿ.

ಆದರೆ ಲಾಭ ಇಲ್ಲ ಅಂದ ಮಾತ್ರಕ್ಕೆ ಅಗ್ಗ ಅಂತಲ್ಲ. ಖರ್ಚೆಲ್ಲ ಗ್ರಾಹಕರ ತಲೆಗೆ ಅಂದರೆ ತಪ್ಪು ನಿರ್ಧಾರದ ಖರ್ಚೂ ಅವರ ತಲೆಗೇ. 1990ರ ದಶಕದಲ್ಲಿ ಡೆನ್ಮಾರ್ಕಿನ ಸಣ್ಣಸಣ್ಣ ಹಳ್ಳಿಗಳಲ್ಲಿ ಬಯಲಿನಿಂದಲೇ ಶುರುಮಾಡಿ ಹೊಸ ಪೈಪು ಹಾಕಿದರು, ಗ್ಯಾಸ್ ಎಂಜಿನ್ ಇಟ್ಟು ಕರೆಂಟೂ ಬಿಸಿಯೂ ತೆಗೆದರು. ಆಗ ಕರೆಂಟಿಗೆ ಒಳ್ಳೆಯ ನಿಗದಿ ದರ ಸಿಗುತ್ತಿತ್ತು, ಆ ದುಡ್ಡಿನಿಂದ ಬಿಸಿಯ ದರ ಕಮ್ಮಿ ಇಡಬಹುದು ಅನ್ನುವ ಲೆಕ್ಕ. ಹಳ್ಳಿ ಚಿಕ್ಕದು, ಮನೆಗಳು ದೂರ ದೂರ, ಪೈಪಿನ ಸಾಲ ಮಾತ್ರ ದೊಡ್ಡದು. ಆಮೇಲೆ ಗಾಳಿಯಂತ್ರ ಜಾಸ್ತಿಯಾಗಿ ಕರೆಂಟಿನ ದರ ಬಿತ್ತು, ಎಂಜಿನ್ ಓಡಿಸಿದರೆ ನಷ್ಟ. ಎಂಜಿನ್ ಸುಮ್ನೆ ನಿಂತಿದ್ದರೂ ಸಿಗಲಿ ಅಂತ ಸರ್ಕಾರ ಒಂದು ಮೂಲಮೊತ್ತ ಕೊಡುತ್ತಿತ್ತು, ಅದೂ 2018ರ ಕೊನೆಗೆ ನಿಂತಿತು. ಗ್ಯಾಸ್ ಬಿಟ್ಟು ಅಗ್ಗದ ಸೌದೆ ಚಿಪ್ಸ್ ಸುಡೋಣ ಅಂದರೆ ಬಹಳ ವರ್ಷ ಅದಕ್ಕೂ ಕಾನೂನಿನ ಅಡ್ಡಿ. ಆ ಹಳ್ಳಿಗಳಲ್ಲಿ ಬಿಸಿನೀರಿನ ಬಿಲ್ಲು ದೇಶದಲ್ಲೇ ದುಬಾರಿ ಸಾಲಿಗೆ ಸೇರಿತು. ಯೋಜನೆ ಹಾಕಿದವರಿಗೆ ಎಂಜಿನ್ ಬಗ್ಗೆ ಎಲ್ಲ ಗೊತ್ತಿತ್ತು. ಗಿರಾಕಿಯ ಲೆಕ್ಕದಲ್ಲಿ ಎಡವಿದರು, ಇನ್ನೊಬ್ಬರು ಕೊಡುವ ಕರೆಂಟಿನ ದರ ಶಾಶ್ವತ ಅಂದುಕೊಂಡರು.

ಉರುವಲು ಬದಲಾಯಿಸಬಹುದು ಸರ್, ಅದು ಈ ಪೈಪಿನ ದೊಡ್ಡ ಗುಣ. ಎಸ್ಬಿಯರ್ಗ್ ಅನ್ನುವ ಬಂದರು ಊರಿನಲ್ಲಿ ಕಲ್ಲಿದ್ದಲಿನ ಸ್ಥಾವರ 2024ರಲ್ಲಿ ಮುಚ್ಚಿತು, ಜಾಗಕ್ಕೆ ಸಮುದ್ರದ ನೀರಿನಿಂದ ಬಿಸಿ ತೆಗೆಯುವ 70 ಮೆಗಾವ್ಯಾಟಿನ ಹೀಟ್ ಪಂಪ್ ಮತ್ತು ಸೌದೆ ಚಿಪ್ಸಿನ ಬಾಯ್ಲರ್ ಬಂದವು. ಮನೆಯೊಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಏನೂ ಗೊತ್ತಾಗಲಿಲ್ಲ. ಪೈಪನ್ನು ಮಾತ್ರ ಎತ್ತಿ ಬೇರೆ ಬೀದಿಗೆ ಹಾಕೋಕೆ ಬರುವುದಿಲ್ಲ.

ಪ್ರಶ್ನೆ: ನಾವು ಲಂಡನ್ನಿನ ಹೊಸ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಇಲ್ಲೂ ಕೆಳಗಡೆ ಒಂದೇ ಬಾಯ್ಲರ್ ರೂಮ್, ಎಲ್ಲ ಫ್ಲಾಟಿಗೂ ಬಿಸಿನೀರು. ಊರಿಗೆ ಹೋಗಿ ಬೀಗ ಹಾಕಿದ್ದ ತಿಂಗಳೂ ಬಿಲ್ ಬಂತು. 2022ರಲ್ಲಂತೂ ದರ ಸಿಕ್ಕಾಪಟ್ಟೆ ಏರಿತು, ಗ್ಯಾಸ್ ಇರುವ ಸ್ನೇಹಿತರಿಗೆ ಸರ್ಕಾರದ ಮಿತಿ ಇತ್ತು, ನಮಗಿಲ್ಲ. ಇದು ನ್ಯಾಯವೇ? (ಓದುಗರು, ಲಂಡನ್)

ಬೀಗ ಹಾಕಿದ ತಿಂಗಳ ಬಿಲ್ಲು ನ್ಯಾಯವೇ. ಅದು ಪೈಪಿನ ಕಂತು, ನಿರ್ವಹಣೆ. ಅದನ್ನು ಬಳಸಿದಷ್ಟಕ್ಕೇ ಸೇರಿಸಿದರೆ ಚಳಿಗಾಲದಲ್ಲಿ ವಯಸ್ಸಾದವರು, ಮಕ್ಕಳಿರುವವರು ನಿಮ್ಮ ಪಾಲನ್ನೂ ಕಟ್ಟಬೇಕಾಗುತ್ತದೆ.

ದರಕ್ಕೆ ಮಿತಿ ಇಲ್ಲದ್ದು ಮಾತ್ರ ನ್ಯಾಯವಲ್ಲ. ನಿಮ್ಮ ಕಟ್ಟಡದವರು ಗ್ಯಾಸನ್ನು ಮನೆ ದರದಲ್ಲಿ ಕೊಳ್ಳುವುದಿಲ್ಲ, ವ್ಯಾಪಾರಿ ದರದಲ್ಲಿ ಕೊಳ್ಳುತ್ತಾರೆ. ಸರ್ಕಾರದ ಮಿತಿ ಮನೆಗಳಿಗೆ ಮಾತ್ರ. ಕಾಗದದ ಮೇಲೆ ನೀವು ಗ್ಯಾಸ್ ಗ್ರಾಹಕರೇ ಅಲ್ಲ. ಡೆನ್ಮಾರ್ಕಿನಲ್ಲಿ ಏಕಸ್ವಾಮ್ಯ ಕೊಟ್ಟರು, ಜೊತೆಗೆ ಲಾಭಕ್ಕೆ ಬೇಲಿ ಹಾಕಿದರು. ಬ್ರಿಟನ್ನಿನಲ್ಲಿ ಬಹಳ ವರ್ಷ ಏಕಸ್ವಾಮ್ಯ ಇತ್ತು, ಬೇಲಿ ಇರಲಿಲ್ಲ. 2023ರ ಎನರ್ಜಿ ಆಕ್ಟ್ ಬಂದ ಮೇಲೆ ಇಂಥ ಬಿಸಿನೀರಿನ ವ್ಯವಸ್ಥೆಗಳ ಮೇಲ್ವಿಚಾರಣೆಯನ್ನು ಅಲ್ಲಿನ ಗ್ಯಾಸ್-ಕರೆಂಟು ನಿಯಂತ್ರಣ ಸಂಸ್ಥೆ ಆಫ್‌ಜೆಮ್‌ಗೆ ಒಪ್ಪಿಸಿದ್ದಾರೆ. ನಿಮ್ಮ ಕಟ್ಟಡದ ಆಡಳಿತದವರಿಗೆ ದರ ಹೇಗೆ ಲೆಕ್ಕ ಹಾಕಿದಿರಿ, ಪೈಪಿನಲ್ಲಿ ಎಷ್ಟು ಬಿಸಿ ಸೋರಿಹೋಗುತ್ತಿದೆ ಅಂತ ಬರೆದು ಕೇಳಿ. ಕಾರಿಡಾರಿನಲ್ಲಿ ಜನವರಿಯಲ್ಲೂ ಸೆಕೆಯಾಗುತ್ತಿದೆಯಾ? ಆಗುತ್ತಿದ್ದರೆ ಆ ಸೆಕೆಯ ದುಡ್ಡೂ ನಿಮ್ಮದೇ.

ಪ್ರಶ್ನೆ: ಜರ್ಮನಿಯಲ್ಲಿ ನಮ್ಮ ಊರಿನವರು ಬಿಸಿ ಯೋಜನೆಯ ನಕಾಶೆ ಬಿಟ್ಟಿದ್ದಾರೆ. ನಮ್ಮ ಬೀದಿ ಪೈಪಿನ ಬಣ್ಣದಲ್ಲಿದೆ. ಹಳೆ ಬಾಯ್ಲರ್ ಹಾಗೇ ಇಟ್ಟುಕೊಂಡು ಕಾಯಬಹುದಾ? (ಓದುಗರು, ಮ್ಯೂನಿಕ್ ಹತ್ತಿರ)

ಬಣ್ಣ ನೋಡಿ ಕಾಯಬೇಡಿ. 2024ರ ಜನವರಿಯಿಂದ ಅಲ್ಲಿ ಕಾನೂನು ಬಂದಿದೆ, ಒಂದು ಲಕ್ಷಕ್ಕಿಂತ ಹೆಚ್ಚು ಜನ ಇರುವ ಊರುಗಳು 2026ರ ಜೂನ್ ಒಳಗೆ, ಉಳಿದವು 2028ರ ಜೂನ್ ಒಳಗೆ ನಕಾಶೆ ಮಾಡಬೇಕು. ಆದರೆ ನಕಾಶೆಯೊಂದರಿಂದ ನಿಮಗೆ ಪೈಪು ಕೇಳುವ ಹಕ್ಕು ಬರುವುದಿಲ್ಲ, ಕೊಡಬೇಕಾದ ಹೊಣೆ ಕಂಪನಿಗೂ ಬರುವುದಿಲ್ಲ. ನಮ್ಮಲ್ಲಿ ಮಾಸ್ಟರ್ ಪ್ಲ್ಯಾನಿನಲ್ಲಿ ಗೆರೆ ಎಳೆದ ರಸ್ತೆಗಳು ಇಪ್ಪತ್ತು ವರ್ಷ ಗೆರೆಯಾಗಿಯೇ ಇರುತ್ತವಲ್ಲ, ಹಾಗೆ. ಕಂಪನಿಗೆ ಹಣಕಾಸಿನ ಒಪ್ಪಿಗೆ ಆಗಿದೆಯಾ, ಯಾವ ವರ್ಷ ಅಗೆಯುತ್ತೀರಿ ಅಂತ ಕೇಳಿ. ವರ್ಷ ಹೇಳಿದರೆ ಕಾಯಿರಿ. "ಮಧ್ಯಮಾವಧಿಯಲ್ಲಿ" ಅಂದರೆ ನಿಮ್ಮ ದಾರಿ ನೋಡಿಕೊಳ್ಳಿ.

ಪ್ರಶ್ನೆ: ವೈಟ್‌ಫೀಲ್ಡಿನಲ್ಲಿ ಇಷ್ಟೊಂದು ಡೇಟಾ ಸೆಂಟರ್ ಇವೆ, ಬಿಸಿಗಾಳಿ ಸುಮ್ನೆ ಹೊರಗೆ ಹೋಗುತ್ತಿದೆ. ನಮ್ಮ ಅಪಾರ್ಟ್‌ಮೆಂಟಿನ ಗೀಸರಿಗೆ ಕೊಡಬಾರದಾ? (ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಬೆಂಗಳೂರು)

ಒಳ್ಳೆಯ ಯೋಚನೆ, ಡೆನ್ಮಾರ್ಕಿನ ಓಡೆನ್ಸೆಯಲ್ಲಿ ಫೇಸ್‌ಬುಕ್ಕಿನ ಡೇಟಾ ಸೆಂಟರಿನ ಬಿಸಿ ಹೀಗೇ ಊರಿನ ಪೈಪಿಗೆ ಹೋಗುತ್ತದೆ. ಆದರೆ ಅಲ್ಲಿ ಪೈಪು ಮೊದಲೇ ಇತ್ತು, ಡೇಟಾ ಸೆಂಟರ್ ಆಮೇಲೆ ಬಂತು. ನಿಮ್ಮ ಕಡೆ ಬೆಳಿಗ್ಗೆ ಒಂದೆರಡು ಗಂಟೆ ಸ್ನಾನದ ನೀರು ಬಿಟ್ಟರೆ ಬಿಸಿ ಯಾರಿಗೆ ಬೇಕು? ಅಷ್ಟಕ್ಕೆ ರಸ್ತೆ ಅಗೆದರೆ ಕಂತು ಕಟ್ಟಿ ಮುಗಿಯುವುದಿಲ್ಲ. ತಾರಸಿ ಮೇಲೆ ಸೋಲಾರ್ ಇದೆಯಲ್ಲ, ಸಾಕು.

ನಮಗೆ ಬೇಕಾದದ್ದು ತಂಪು. ಗಾಂಧಿನಗರದ ಹತ್ತಿರ ಗಿಫ್ಟ್ ಸಿಟಿಯಲ್ಲಿ ಒಂದೇ ಕಡೆ ನೀರು ತಣ್ಣಗೆ ಮಾಡಿ ಕಟ್ಟಡಗಳಿಗೆ ಪೈಪಿನಲ್ಲಿ ಕಳಿಸುತ್ತಾರೆ. ಆಫೀಸುಗಳು ಒತ್ತೊತ್ತಾಗಿದ್ದು, ಎಲ್ಲವೂ ಎಸಿ ಓಡಿಸುವ ಕಡೆ ಇದು ಸರಿ. ಒಂದು ತೊಡಕು ಹೇಳುತ್ತೇನೆ. ತಾರಸಿಯ ಸಾವಿರ ಲೀಟರಿನ ಟ್ಯಾಂಕು ಇದೆಯಲ್ಲ, ಅಷ್ಟು ಬಿಸಿನೀರು 30 ಡಿಗ್ರಿ ತಣಿದರೆ 35 ಯೂನಿಟ್ ಬಿಸಿ ಕೊಟ್ಟು ಹೋಗುತ್ತದೆ. ತಣ್ಣೀರಿನ ಪೈಪಿನಲ್ಲಿ ಹೋಗುವಾಗ ಬರುವಾಗ ಎಂಟು ಡಿಗ್ರಿ ವ್ಯತ್ಯಾಸ ಸಿಕ್ಕಿದರೆ ದೊಡ್ಡದು, ಅದೇ ಸಾವಿರ ಲೀಟರು ಒಂಬತ್ತು ಯೂನಿಟ್ ಮಾತ್ರ ಹೊರುತ್ತದೆ. ಹೀಗಾಗಿ ನಾಲ್ಕು ಪಟ್ಟು ನೀರು, ದಪ್ಪ ಪೈಪು, ದೊಡ್ಡ ಸಾಲ. ಕಟ್ಟಡ ಕಟ್ಟುವ ಮೊದಲೇ ಹಾಕಿದರೆ ಮಾತ್ರ ಲೆಕ್ಕ ಕೂಡುತ್ತದೆ, ಆಮೇಲೆ ಅಗೆದು ಹಾಕುತ್ತೇವೆ ಅಂದರೆ ಆಗದು.

ಪ್ರಶ್ನೆ: ನಾನು ಮೈಸೂರಿನವಳು. ಮಗನ ಮನೆಗೆ ಆರ್ಹೂಸಿಗೆ ಹೋಗಿದ್ದೆ. ದುಡ್ಡು ಉಳಿಸೋಣ ಅಂತ ಎಲ್ಲ ರೂಮಿನ ರೇಡಿಯೇಟರ್ ಬಂದ್ ಮಾಡಿ ಹಾಲಿನದ್ದೊಂದನ್ನೇ ಪೂರ್ತಿ ತಿರುಗಿಸಿದೆ. ಆಮೇಲೆ ಬಿಲ್ಲಿನಲ್ಲಿ ದಂಡ ಬಂತು ಅಂತ ಮಗ ಗೊಣಗಿದ. ಕಮ್ಮಿ ಬಳಸಿದ್ದಕ್ಕೆ ದಂಡವೇ? (ಗೃಹಿಣಿ, ಮೈಸೂರು)

ಅಮ್ಮಾ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಮೊದಲ ಚಳಿಗಾಲ ಇದನ್ನೇ ಮಾಡಿದವನು. ಬಚ್ಚಲಿನ ಪಕ್ಕದ ಒಂದೇ ರೇಡಿಯೇಟರನ್ನು ಪೂರ್ತಿ ತಿರುಗಿಸಿ, ಅದರ ಮೇಲೆ ಬನಿಯನ್, ಪಂಚೆ ಎಲ್ಲ ಹರವಿದ್ದೆ. ಬಟ್ಟೆ ಬೇಗ ಒಣಗಿತು, ವರ್ಷದ ಕೊನೆಗೆ ಬಿಲ್ಲು ನೋಡಿ ಗಂಟಲೊಣಗಿತು.

ಆಗುವುದು ಇಷ್ಟು. ಒಂದೇ ರೇಡಿಯೇಟರ್ ಮನೆಯೆಲ್ಲ ಬೆಚ್ಚಗಿಡಬೇಕೆಂದರೆ ನೀರು ಅದರೊಳಗೆ ಓಡೋಡಿ ಹೋಗುತ್ತದೆ, ತಣಿಯೋಕೆ ಪುರುಸೊತ್ತು ಸಿಗದೆ ಬಿಸಿಬಿಸಿಯಾಗಿಯೇ ವಾಪಸ್ ಹೋಗುತ್ತದೆ. 70 ಡಿಗ್ರಿಗೆ ಬಂದದ್ದು 40ಕ್ಕೆ ಇಳಿದು ಹೋಗಬೇಕಿತ್ತು, 60ರಲ್ಲೇ ಹೊರಟಿತು ಅಂತಿಟ್ಟುಕೊಳ್ಳಿ. ಆಗ ಆ ಸಾವಿರ ಲೀಟರು 35ರ ಬದಲು 12 ಯೂನಿಟ್ಟೂ ಕೊಡಲಿಲ್ಲ. ಅಷ್ಟೇ ಬಿಸಿಗೆ ಕಂಪನಿ ಮೂರು ಪಟ್ಟು ನೀರು ತಳ್ಳಬೇಕಾಯಿತು. ಊರಿನವರೆಲ್ಲ ಹೀಗೆ ಮಾಡಿದರೆ ಹೂತ ಪೈಪು ಸಾಲದು, ಅಗೆದು ದಪ್ಪದ್ದು ಹಾಕಬೇಕು, ಇನ್ನೊಂದು ಸಾಲ. ವಾಪಸ್ ಬರುವ ನೀರು ಬಿಸಿ ಇದ್ದರೆ ಕಾರ್ಖಾನೆಯಲ್ಲೂ ಹೊಗೆಯೊಳಗಿನ ಬಿಸಿಯನ್ನು ಹೀರಿಕೊಳ್ಳೋಕೆ ಆಗುವುದಿಲ್ಲ. ಅದಕ್ಕೇ ಅನೇಕ ಕಂಪನಿಗಳು ನೀರನ್ನು ಚೆನ್ನಾಗಿ ತಣಿಸಿ ಕಳಿಸಿದವರಿಗೆ ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತವೆ, ಬಿಸಿಯಾಗಿ ಕಳಿಸಿದವರಿಂದ ಹೆಚ್ಚಿಗೆ ವಸೂಲಿ ಮಾಡುತ್ತವೆ. ದಂಡ ಬಿಸಿ ಕಮ್ಮಿ ಬಳಸಿದ್ದಕ್ಕಲ್ಲ, ಪೈಪಿನಲ್ಲಿ ಜಾಗ ಜಾಸ್ತಿ ಹಿಡಿದದ್ದಕ್ಕೆ.

ಮುಂದಿನ ಸಲ ಹೋದಾಗ ಎಲ್ಲ ರೂಮಿನಲ್ಲೂ ಸ್ವಲ್ಪ ಸ್ವಲ್ಪ ತಿರುಗಿಸಿ. ಅರ್ಧ ಗಂಟೆ ಬಿಟ್ಟು ಒಂದೊಂದು ರೇಡಿಯೇಟರನ್ನೂ ಕೈಯಿಂದ ಮುಟ್ಟಿ ನೋಡಿ. ಮೇಲ್ಭಾಗ ಬಿಸಿ, ಕೆಳಭಾಗ ಉಗುರುಬೆಚ್ಚಗೆ ಇರಬೇಕು. ಮೇಲೂ ಕೆಳಗೂ ಒಂದೇ ಥರ ಸುಡುತ್ತಿದ್ದರೆ ವಾಲ್ವ್ ಕೆಟ್ಟಿರಬಹುದು, ಮಗನಿಗೆ ಹೇಳಿ ಪ್ಲಂಬರನ್ನು ಕರೆಸಿ. ಬಟ್ಟೆ ಮಾತ್ರ ರೇಡಿಯೇಟರ್ ಮೇಲೆ ಬೇಡಮ್ಮಾ, ಸ್ಟ್ಯಾಂಡಿನ ಮೇಲೇ ಹರವಿ.